ಬಾಣಂತಿ ಕೋಣೆಗೆ ಬಿಸಿಪೆಟ್ಟಿಗೆ

ಪೆದ್ದನನ್ನು ಕಂಡರೆ ನಗು ಬರುತ್ತದೆ ಅನ್ನೋರು, ಉರಿಯೋ ಒಲೆ ಮುಂದೆ ಕೂತ ಪೆದ್ದನನ್ನು ಕಂಡಿಲ್ಲ. ನಾನು ಹೇಳ್ತೀನಿ ಕೇಳಿ.

ಗುಡ್ಡದ ನೆತ್ತಿಯ ಮೇಲೊಂದು ಊರು. ಚಳಿ ಅಂದರೆ ಅಲ್ಲಿಯದೇ ಚಳಿ. ಅಲ್ಲಿ ಸಾಕವ್ವ, ಅವಳ ಮಗ ಬೋಜ. ಬೋಜನ ಅಪ್ಪ ಪೈಪಿನ ಕೆಲಸದವನು. ಸಾಯುವ ಮುಂಚೆ ಬಚ್ಚಲುಮನೆಯ ಬಾಯ್ಲರಿನಿಂದ ನಡುಮನೆಗೆ ಪೈಪು ಎಳೆದು, ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದ. ಉರಿ ಹಾಕಿದರೆ ಬಿಸಿನೀರು ಪೆಟ್ಟಿಗೆಯೊಳಗೆ ಸುತ್ತಿ ನಡುಮನೆ ಬೆಚ್ಚಗಾಗುತ್ತಿತ್ತು. ಬೋಜನಿಗೆ ಅಪ್ಪನ ಕೈ ಬಂದಿತ್ತು. ತಲೆ ಯಾರದು ಬಂತೋ ದೇವರೇ ಬಲ್ಲ.

ಸಾಕವ್ವನ ಮಗಳು ಚೆನ್ನಾಜಿ ಬಾಣಂತನಕ್ಕೆ ಬಂದಳು. ಅವಳ ಚೊಚ್ಚಲ ಕೂಸು ಇದೇ ಬಾಣಂತಿ ಕೋಣೆಯಲ್ಲಿ, ಇದೇ ಚಳಿಗೆ, ಒಂಬತ್ತನೇ ದಿನ ಹೋಗಿತ್ತು. ಈಗಿನದು ಎಂಟು ದಿನದ್ದು. ಸಾಕವ್ವನ ಎದೆಯಲ್ಲಿ ಹಗಲೂ ಇರುಳೂ ಅದೊಂದೇ ಭಯ.

“ಲೋ ಬೋಜ, ಅಕ್ಕನ ಕೋಣೆಗೂ ಒಂದು ಪೆಟ್ಟಿಗೆ ಜೋಡಿಸು ಕಣ್ಲಾ!”

“ಆಗ್ಲಿ ಕಣವ್ವ!”

ಹೋದ. ಪೈಪು ಕುಯ್ದ. ಒಳಗೆ ಕುದಿಯೋ ನೀರು! ಭುಸ್ಸೆಂದು ಹಾರಿತು. ತೊಟ್ಟಿಲು ಒಂದು ಗೇಣಿನಲ್ಲಿ ತಪ್ಪಿತು. ಸಾಕವ್ವ ಓಡಿಬಂದಳು.

“ಅಯ್ಯೋ ಮುಂಡೇದೆ! ಮೊದ್ಲು ಒಳಗಿನ ನೀರೆಲ್ಲ ಚೆಲ್ಲು, ಆಮೇಲೆ ಕೈಯಿಕ್ಕು!”

“ಆಗ್ಲಿ ಕಣವ್ವ!”

ನೀರೆಲ್ಲ ಚೆಲ್ಲಿದ, ಪೆಟ್ಟಿಗೆ ಕೂರಿಸಿದ. ಒಂದು ಹನಿ ಸೋರಲಿಲ್ಲ, ಸುಳ್ಳು ಹೇಳಬಾರದು.

“ಬಾಯ್ಲರು ತುಂಬಬೇಕು. ಆ ಕೊಡ ಎಲ್ಲಾ ತತ್ತಾ!” ಅಂದಳು ಸಾಕವ್ವ.

ಗುಡ್ಡದ ಬುಡದಿಂದ ಹೊತ್ತ ಆರು ಕೊಡ ನೀರು. ಬೋಜ ಒಂದನ್ನು ಚೆಲ್ಲಿದ, ಆಮೇಲೆ ಕೈಯಿಕ್ಕಿದ. ಇನ್ನೊಂದನ್ನು ಚೆಲ್ಲಿದ, ಆಮೇಲೆ ಕೈಯಿಕ್ಕಿದ. ಆರನ್ನೂ ಖಾಲಿ ಮಾಡಿ ತಂದಿಟ್ಟ. ಹೊತ್ತು ಇಳಿಯುತ್ತಿತ್ತು. ಕೂಸಿನ ತುಟಿ ನೀಲಿಯಾಗುತ್ತಿತ್ತು.

“ನನ್ ಹೊಟ್ಟೇಲಿ ಹೆಂಗ್ ಹುಟ್ಟಿದ್ಯಲಾ ನೀನು! ತುಂಬಿದ್ದನ್ನ ಚೆಲ್ತಾರಾ? ಬಾಯಿಗೆ ಬಟ್ಟೆ ತುರುಕಿ, ಒಂದು ತೊಟ್ಟೂ ಹೊರಕ್ಕೆ ಹೋಗದಂಗೆ ಮುಚ್ಚಬೇಕು!”

“ಆಗ್ಲಿ ಕಣವ್ವ!”

ಓಡಿದ, ನೀರು ಹೊತ್ತ, ಬಾಯ್ಲರು ತುಂಬಿದ. ಮೇಲೆ ಹಬೆ ಹೋಗುವ ಕೊಳವೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಅದಕ್ಕೆ ಬಟ್ಟೆ ತುರುಕಿದ, ಮೇಲೊಂದು ಮರದ ಬೆಣೆ ಹೊಡೆದ. ಆಮೇಲೆ ಉರಿ ಹಾಕಿದ.

ಬಾಯ್ಲರು ಮೊದಲು ಗುನುಗಿತು. ಆಮೇಲೆ ಗುರುಗುಟ್ಟಿತು. ಆಮೇಲೆ ಗೋಡೆ ನಡುಗಿತು. ಗೋಡೆಯ ಆಚೆಗೇ ತೊಟ್ಟಿಲು! ಸಾಕವ್ವ ಬಂದವಳೇ ಕೊಳ್ಳಿಗಳನ್ನೆಲ್ಲ ಹೊರಗೆಳೆದಳು. ಕಣ್ಣು ಮುಚ್ಚಿ, ಬಿದಿರ ಗಳುವಿನಿಂದ ಬೆಣೆಗೆ ಹೊಡೆದಳು. ಬೆಣೆ ಸೂರಿಗೆ ಹಾರಿತು, ಹಬೆ ಚೀರಿತು.

“ಎಲ್ಲಾರ್ನೂ ಕೊಂದ್‌ಬಿಡ್ತಿದ್ದಲ್ಲೋ! ಬಿಸಿ ಒಳಗೇ ಉಳಿದ್ರೆ ಸಿಡಿದೋಯ್ತದೆ! ಹೊರಕ್ಕೆ ಹೋಗಾಕೆ ಮೇಲೆ ದಾರಿ ಇರಬೇಕು, ತಿಳೀತಾ?”

“ತಿಳೀತು ಕಣವ್ವ!”

ಈ ಸಲ ಬೋಜನೂ ಹೆದರಿದ್ದ, ಪಾಪ.

ಮತ್ತೆ ಮೆಲ್ಲಗೆ ಉರಿ ಹಾಕಿದರು. ಪೆಟ್ಟಿಗೆ ಬಿಸಿಯಾಯಿತು, ಕೋಣೆ ಬೆಚ್ಚಗಾಯಿತು. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದಿದ್ದ ಚೆನ್ನಾಜಿಗೆ ನಿದ್ದೆ ಹತ್ತಿತು. ಕೂಸಿನ ತುಟಿ ಕೆಂಪಾಯಿತು. ಸಾಕವ್ವ ಕೈಮುಗಿದು, ಹಾಲು ಕರೆಯಲು ಕೊಟ್ಟಿಗೆಗೆ ಹೋದಳು.

ತಂಬಿಗೆ ಹಿಡಿದು ಬಂದು ನೋಡಿದರೆ, ಕೋಣೆಯೊಳಗೆ ಸುಯ್ಯೆನ್ನುವ ಗಾಳಿ! ತಲೆಯೆತ್ತಿದರೆ ಆಕಾಶ! ಬೋಜ ಸೂರಿನ ಮೇಲೆ ಕೂತು ಹೆಂಚು ಕಿತ್ತು ಕಿತ್ತು ಪೇರಿಸುತ್ತಿದ್ದಾನೆ.

“ಅಯ್ಯಯ್ಯೋ! ಏನ್ ಮಾಡ್ತಿದ್ದೀಯೋ!”

“ಹೆದರ್ಕಬ್ಯಾಡ ಕಣವ್ವ! ಕೋಣೆ ತುಂಬಾ ಬಿಸಿ ಆಗಿತ್ತು, ಮೇಲೆ ದಾರೀನೇ ಇರಲಿಲ್ಲ! ಇನ್ನು ಸಿಡಿಯಾಕಿಲ್ಲ!”

ತಂಬಿಗೆ ಕೈಜಾರಿತು. ಸಾಕವ್ವ ಕೂಸನ್ನು ಸೆರಗಿನೊಳಗೆ ಅವುಚಿಕೊಂಡಳು, ಮಗಳ ಕೈ ಹಿಡಿದೆಳೆದಳು, ಬಚ್ಚಲುಮನೆಗೆ ಓಡಿ ಒಲೆಯ ಮುಂದೆ ಕೂತಳು. ಕೂಸು ಬೆಚ್ಚಗಾಗಿ ಮೆಲ್ಲಗೆ ಕಣ್ಣು ಬಿಟ್ಟಿತು.

ಆಗ ತಲೆಯ ಮೇಲೆ ಧಪಧಪ ಹೆಜ್ಜೆ ಸದ್ದು.

“ಅವ್ವಾ, ನೀವು ಅಲ್ಲಿದ್ದೀರಾ? ಹೊರಗೆ ಬರಬ್ಯಾಡಿ, ಅಲ್ಲೇ ಇರಿ! ಆ ಹೆಂಚೂ ತೆಗೀತೀನಿ!”