ಮಖಮಲ್ಲಿನ ಪರದೆ ಮತ್ತು ಬಿಸಿಲು

ಬಂಗಲೆಯ ಕಿಟಕಿಗೆ ತೂಗುಬಿಟ್ಟಿದ್ದ ಮಖಮಲ್ಲಿನ ಪರದೆ ಮೂರು ತಲೆಮಾರಿನಿಂದ ಮರ್ಯಾದಸ್ಥ ಮನೆತನದವಳು. ಅವಳ ಅಜ್ಜಿ ದಿವಾನರ ಊಟದ ಕೋಣೆಯಲ್ಲಿದ್ದವಳು. ಈಗ ಅವಳ ಮರೆಯಲ್ಲಿ ಮನೆಮಗಳು ಸಿಸಿಲಿಯಾ ಮಲಗಿ ಕೆಮ್ಮುತ್ತಿದ್ದಳು.

“ಸ್ವಲ್ಪ ಸರಿಯಿರಿ ಅಮ್ಮಾ,” ಎಂದಿತು ಹೊರಗಿನ ಬಿಸಿಲು. “ಹುಡುಗಿಗೆ ಕ್ಷಯ. ಗಾಳಿ ಬೆಳಕು ಬೇಕು.”

“ನಾಲಿಗೆ ಬಿಗಿಹಿಡಿ! ಈ ಮನೆಯಲ್ಲಿ ಯಾರಿಗೂ ಆ ಕಾಯಿಲೆ ಬಂದದ್ದಿಲ್ಲ.”

“ಅವಳ ತಾಯಿ ತೀರಿಕೊಂಡದ್ದೂ ಇದೇ ಮಂಚದ ಮೇಲಲ್ಲವೇ?”

“ಅದು ಬರೀ ನೆಗಡಿ. ನಾನು ಸರಿದರೆ ಬೀದಿಯವರೆಲ್ಲ ಇಣುಕುತ್ತಾರೆ.”

ಪರದೆ ಸರಿಯಲಿಲ್ಲ. ಮಳೆಗಾಲಕ್ಕೆ ಮೊದಲೇ ಸಿಸಿಲಿಯಾಳ ಶವಪೆಟ್ಟಿಗೆ ಮನೆಯಿಂದ ಹೊರಟಿತು. ಕೋಣೆ ತೊಳೆಯಲು ಬಂದ ದಾದಿ ಪರದೆಯನ್ನು ಕಿತ್ತು, ಒಗೆದು, ಅಂಗಳದ ಹಗ್ಗಕ್ಕೆ ಹಾಕಿದಳು. ಬಿಸಿಲು ಪರದೆಯ ಮೈಮೇಲೆ ಬಿದ್ದಿತು. ಸಂಜೆಗೆ ಪರದೆ ತನ್ನನ್ನು ತಾನೇ ನೋಡಿಕೊಂಡು ಸೆಟೆದುಕೊಂಡಳು.

“ನಿನ್ನಿಂದ ನನ್ನ ಬಣ್ಣ ಮಾಸಿದೆ. ಕ್ಷಮೆ ಕೇಳು.”