ಕಣ್ಣು ಮುಚ್ಚಿದ ನೂರೆಂಟು ಜೋಡಿ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೊಬ್ಬ ಗುರು. ಗುರುವಿಗೊಬ್ಬ ಶಿಷ್ಯ. ಶಿಷ್ಯನಿಗೊಂದು ಕ್ಯಾಮೆರಾ. ಮೊದಲ ಮೂರರಿಂದ ಊರಿಗೇನೂ ತೊಂದರೆ ಇರಲಿಲ್ಲ.

ಶಿಷ್ಯನ ಹೆಸರು ಸಿದ್ದಮಾದು. ಅವನ ಕೈಚಳಕ ಅಂತಿಂಥದ್ದಲ್ಲ. ಹೊಳೆಯ ಮೀನು ಮೇಲಕ್ಕೆ ಹಾರಿ ಮತ್ತೆ ನೀರಿಗೆ ಬೀಳುವಷ್ಟರಲ್ಲಿ ಅದರ ಎಡಗಡೆಯದೊಂದು, ಬಲಗಡೆಯದೊಂದು, ಪಾಸ್‌ಪೋರ್ಟ್ ಅಳತೆಯದೊಂದು ತೆಗೆದುಬಿಡುತ್ತಿದ್ದ. ಮೀನು ಒಪ್ಪಿದ್ದರೆ ಕೂದಲೂ ಬಾಚಿಸುತ್ತಿದ್ದ.

ಆ ವರ್ಷ ಆಶ್ರಮದಲ್ಲಿ ಸಾಮೂಹಿಕ ಮದುವೆ. ನೂರೆಂಟು ಜೋಡಿ. ಗುರುಗಳಾದ ಚಿಕ್ಕರೇವಣ್ಣ ಸ್ವಾಮಿಗಳು ಒಂದೊಂದೇ ಜೋಡಿಯನ್ನು ಮಂಟಪಕ್ಕೆ ಕರೆದು ತಾಳಿ ಕಟ್ಟಿಸಿದರು. ಬೆಳಗ್ಗೆ ಆರಕ್ಕೆ ಶುರುವಾದದ್ದು ಹತ್ತೂವರೆಗೆ ಮುಗಿಯಿತು.

"ಮರಿ, ಪ್ರತಿ ಜೋಡಿಗೂ ತಾಳಿ ಕಟ್ಟಿದ ಗಳಿಗೆಯ ಒಂದು ಫೋಟೋ ಕೊಟ್ಟು ಕಳಿಸಬೇಕು," ಅಂದರು ಗುರುಗಳು. "ಎಷ್ಟೋ ಮನೆಗೆ ಅದೊಂದೇ ಫೋಟೋ. ಬಸ್ಸುಗಳು ನಾಲ್ಕಕ್ಕೆ ಹೊರಡ್ತವೆ."

"ನೂರೆಂಟು ತಾನೇ ಬುದ್ಧಿ? ಊಟದ ಎಲೆ ಎತ್ತೋದರೊಳಗೆ ಆಯ್ತು ಅನ್ನಿ."

ಅಂದದ್ದೇನೋ ಅಂದ. ಆದರೆ ಬೆಳಗಿನಿಂದ ಒತ್ತಿದ ಬಟನ್ನಿನ ಮೇಲಿಂದ ಅವನು ಬೆರಳು ಎತ್ತಿದ್ದರೆ ತಾನೇ! ಕ್ಯಾಮೆರಾದಲ್ಲಿದ್ದದ್ದು ಹದಿನಾಲ್ಕು ಸಾವಿರ ಫೋಟೋ. ಒಂದರ ಪಕ್ಕ ಒಂದು ಹಾಸಿದ್ದರೆ ಹೊಳೆ ದಾಟಲು ಸೇತುವೆ ಬೇಕಾಗುತ್ತಿರಲಿಲ್ಲ.

ಸಿದ್ದಮಾದು ಹೆದರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಫೋಟೋ ಆರಿಸುವ ಸಾಫ್ಟ್‌ವೇರ್ ಒಂದಲ್ಲ, ಮೂರಿದ್ದವು. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ಎಂಬುದೊಂದೇ ಚಿಂತೆ.

ಮೊದಲನೆಯದು ಬಲು ಜಾಣ. ಮಸುಕಾದ ಫೋಟೋ, ಕಣ್ಣು ಮುಚ್ಚಿದ ಫೋಟೋ, ಮುಖ ಮರೆಯಾದ ಫೋಟೋ ಎಲ್ಲವನ್ನೂ ತಾನೇ ಹುಡುಕಿ ಎಸೆಯುತ್ತದೆ. ಒಂಬತ್ತೇ ನಿಮಿಷದಲ್ಲಿ ಹದಿನಾಲ್ಕು ಸಾವಿರ ಇಳಿದು ಎರಡು ಸಾವಿರವಾಯಿತು.

ಸಿದ್ದಮಾದು ಲ್ಯಾಪ್‌ಟಾಪನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಗುರುಗಳ ಬಳಿಗೆ ಓಡಿದ.

"ನೋಡಿ ಬುದ್ಧಿ! ಒಂದು ಕೆಟ್ಟ ಫೋಟೋ ತೋರಿಸಿ, ನನ್ನ ಮೀಸೆ ಬೋಳಿಸ್ಕೋತೀನಿ."

ಗುರುಗಳು ನೋಡಿದರು. ಎಲ್ಲರ ಕಣ್ಣೂ ಗೋಲಿಯಂತೆ ತೆರೆದಿದ್ದವು. ಕೂತವರು, ನಿಂತವರು, ಹೋಳಿಗೆ ಮುರಿಯುವವರು, ಎಲ್ಲರೂ ಫಳಫಳ.

"ತಾಳಿ ಕಟ್ಟಿದ್ದು ಎಲ್ಲಿದೆ?"

ಸಿದ್ದಮಾದು ಹುಡುಕಿದ. ಮತ್ತೆ ಹುಡುಕಿದ. ಒಂದೂ ಇರಲಿಲ್ಲ.

"ನಿನ್ನ ಸಾಫ್ಟ್‌ವೇರ್ ಪ್ರಕಾರ ಇಲ್ಲಿ ಊಟ ಆಗಿದೆ, ಮದುವೆ ಆಗಿಲ್ಲ," ಅಂದರು ಗುರುಗಳು.

"ಇದು ಹಾಳಾಗ್ಲಿ ಬುದ್ಧಿ, ಇನ್ನೊಂದಿದೆ. ಅದು ಇದರಪ್ಪ."

ಎರಡನೆಯದು ಒಂದೇ ಥರದ ಫೋಟೋಗಳನ್ನೆಲ್ಲ ಒಟ್ಟುಹಾಕಿ, ಅದರಲ್ಲಿ ಅತಿ ಚೆನ್ನಾದ ಒಂದನ್ನು ಮಾತ್ರ ಉಳಿಸುತ್ತದೆ. ಸಿದ್ದಮಾದು ಹದಿನಾಲ್ಕು ಸಾವಿರವನ್ನೂ ಅದರ ಬಾಯಿಗೆ ಸುರಿದ. ಅದು ಅಗಿಯಿತು, ಅಗಿಯಿತು, ಒಂದು ಗಂಟೆಯವರೆಗೂ ಅಗಿಯಿತು. ಕೊನೆಗೆ ಉಗುಳಿದ್ದು ಹನ್ನೊಂದು ಜೋಡಿ.

ಅದರದ್ದೂ ತಪ್ಪಲ್ಲ. ಬಟ್ಟೆ ಕೊಟ್ಟದ್ದೇ ಆಶ್ರಮ. ಗಂಡಿಗೆಲ್ಲ ಬಿಳಿ ಪಂಚೆ, ಕೆಂಪು ಪೇಟ. ಹೆಣ್ಣಿಗೆಲ್ಲ ಅರಿಶಿನ ಬಣ್ಣದ ಸೀರೆ. ಎಲ್ಲರ ಹಣೆಗೂ ಒಂದೇ ಅಂಗಡಿಯ ಬಾಸಿಂಗ. ಹೆತ್ತ ತಾಯಂದಿರೇ ಬೆಳಗ್ಗೆ ಎರಡು ಸಲ ತಪ್ಪು ಅಳಿಯನಿಗೆ ಹಾಲು ಕುಡಿಸಿದ್ದರು.

"ಮಿಕ್ಕ ತೊಂಬತ್ತೇಳು ಜೋಡೀನ ಏನು ಮಾಡೋಣ?" ಕೇಳಿದರು ಗುರುಗಳು. "ವಾಪಸ್ ತವರಿಗೆ ಕಳಿಸೋಣವಾ?"

ಅಷ್ಟರಲ್ಲಿ ಬಾಗಿಲಲ್ಲಿ ಒಂದು ದನಿ. ಮೂವತ್ತೇಳನೆಯ ಜೋಡಿಯ ಮದುಮಗಳು ಪುಟ್ಟತಾಯಿಯ ಅಜ್ಜಿ ನಿಂಗಮ್ಮನ ದನಿ ಅದು.

"ಏನಪ್ಪಾ ಫೋಟೋದವ್ನೇ, ನನ್ನ ಮೊಮ್ಮಗಳದು ಆಯ್ತಾ? ಬೆಳಗ್ಗೆ ಟಕಟಕ ಅಂತ ಅಷ್ಟು ಸದ್ದು ಮಾಡ್ದೆ, ನಮ್ಮೂರ ರಾಗಿಮಿಲ್ಲೂ ಹಂಗೆ ಬಡ್ಕೊಳಲ್ಲ. ಮಿಲ್ಲಲ್ಲಾದ್ರೂ ಹಿಟ್ಟು ಬತ್ತದೆ!"

"ಆಗುತ್ತೆ ಅಜ್ಜಿ. ನಾಲ್ಕಕ್ಕೆ."

"ನನ್ನ ಮದುವೇಲೂ ಹಿಂಗೇ ಅಂದಿದ್ರು. ಐವತ್ತು ವರ್ಷ ಆಯ್ತು, ಇನ್ನೂ ಬಂದಿಲ್ಲ."

ಅಜ್ಜಿ ಹೋದಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ಸಿದ್ದಮಾದುವಿನ ಮೀಸೆ ತಾನಾಗಿಯೇ ಕೆಳಗಿಳಿಯಿತು.

"ಬುದ್ಧಿ, ಮೊದಲನೇದು ಎಲ್ಲಾ ಬಿಟ್ಟು ತಾಳಿ ಕಟ್ಟೋದನ್ನೇ ಯಾಕೆ ಎಸೀತು?"

ಗುರುಗಳು ಹರಿವಾಣದಲ್ಲಿ ಉಳಿದಿದ್ದ ಅಕ್ಷತೆಯಲ್ಲಿ ಒಂದು ಹಿಡಿ ತೆಗೆದು ಶಿಷ್ಯನ ಮುಖಕ್ಕೆ ರಪ್ಪನೆ ಎರಚಿದರು.

ಸಿದ್ದಮಾದು ಕಣ್ಣು ಮುಚ್ಚಿದ.

"ಕಣ್ಣು ಯಾಕೆ ಮುಚ್ಚಿದೆ?"

"ಕಾಳು ಬಿತ್ತಲ್ಲ ಬುದ್ಧಿ!"

"ನಿನ್ನನ್ನೂ ಎಸೆದುಬಿಡಲಾ?"

ಸಿದ್ದಮಾದು ಹುಬ್ಬಿನ ಮೇಲಿದ್ದ ಅಕ್ಕಿಕಾಳನ್ನು ತೆಗೆದು ನೋಡುತ್ತ ನಿಂತ. ತಾಳಿ ಬಿಗಿದ ಗಳಿಗೆಗೇ ವಾಲಗ ಏರುತ್ತದೆ, ಆ ಗಳಿಗೆಗೇ ಮಳೆಯಂತೆ ಅಕ್ಷತೆ ಸುರಿಯುತ್ತದೆ. ಕಣ್ಣು ಮುಚ್ಚದ ಮದುಮಕ್ಕಳನ್ನು ಯಾವ ದೇಶದಲ್ಲಿ ಹುಡುಕುವುದು?

"ಹಂಗಾದ್ರೆ ಸಾಫ್ಟ್‌ವೇರೇ ಬೇಡವಾ ಬುದ್ಧಿ? ಹದಿನಾಲ್ಕು ಸಾವಿರ. ಮೂರೇ ಗಂಟೆ."

"ಬೇಡ ಅಂದೆನಾ? ಬೇಗ ತೋರಿಸೋದನ್ನ ಇಟ್ಕೋ. ಬೇಗ ತೀರ್ಪು ಕೊಡೋದನ್ನ ಬಿಡು."

ಮೂರನೆಯ ಸಾಫ್ಟ್‌ವೇರನ್ನು ಸಿದ್ದಮಾದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪೆದ್ದು ಅದು. ಸಮಯದ ಪ್ರಕಾರ ಸಾಲಾಗಿ ಜೋಡಿಸುತ್ತದೆ, ಗುಂಡಿ ಒತ್ತಿದ ಕೂಡಲೇ ಮುಂದಿನದನ್ನು ತೋರಿಸುತ್ತದೆ, ಗುರುತು ಹಾಕು ಅಂದರೆ ಹಾಕುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಅದರ ಬಾಯಿಂದ ಒಂದು ಮಾತಿಲ್ಲ.

ತೆರೆದ. ಫೋಟೋಗಳು ಮಂಟಪ ಹತ್ತಿದ ಸರದಿಯಲ್ಲೇ ನಿಂತಿದ್ದವು. ಒಂದು ಜೋಡಿ ಇಳಿದು ಇನ್ನೊಂದು ಹತ್ತುವ ನಡುವಿನ ಖಾಲಿ ಮಂಟಪವೇ ಗಡಿಕಲ್ಲು. ಮೊದಲನೆಯ ಜೋಡಿಯ ನೂರಮೂವತ್ತರಲ್ಲಿ ಅಕ್ಕಿ ಹಾರಿದ್ದು ಹತ್ತು. ಹತ್ತರಲ್ಲಿ ಕಣ್ಣು ನಿಂತದ್ದು ಒಂದರ ಮೇಲೆ. ಗುರುತು. ಮುಂದೆ!

ಆಮೇಲೆ ನೋಡಬೇಕಿತ್ತು ಅವನ ಬೆರಳನ್ನು. ಕೀಲಿಮಣೆಯ ಮೇಲೆ ಅದು ಕುಣಿದ ಕುಣಿತಕ್ಕೆ ಹೊರಗೆ ಊಟ ಮುಗಿಸಿ ಮಲಗಿದ್ದ ವಾಲಗದವರು ಎದ್ದು ಕೂತು, ತಾಳ ಸರಿಯಾಗಿದೆ ಅಂತ ತಲೆದೂಗಿದರು. ಲ್ಯಾಪ್‌ಟಾಪ್ ಬಿಸಿಯೇರಿ, ಪಕ್ಕದಲ್ಲಿಟ್ಟ ಕಾಫಿ ಆರುವ ಬದಲು ಉಕ್ಕಿತು. ಹೊಳೆ ಒಂದು ಗಳಿಗೆ ನಿಂತು ನೋಡಿ, ನಾಚಿಕೊಂಡು ಮುಂದೆ ಹರಿಯಿತು.

ಇವನು ಆರಿಸಿದಂತೆಲ್ಲ ಪಕ್ಕದ ಪ್ರಿಂಟರ್ ಹೊರಹಾಕುತ್ತಿತ್ತು. ಮೂರೂವರೆಗೆ ನೂರು. ಮೂರು ಮುಕ್ಕಾಲಿಗೆ ನೂರೆಂಟು.

ಬಸ್ಸಿನ ಬಾಗಿಲಲ್ಲಿ ನಿಂಗಮ್ಮ ತನ್ನ ಮೊಮ್ಮಗಳ ಫೋಟೋ ಇಸಿದುಕೊಂಡಳು. ಗಂಡಿನ ಎರಡೂ ಕೈ ಪುಟ್ಟತಾಯಿಯ ಕೊರಳ ಹಿಂದೆ. ಗಾಳಿಯ ತುಂಬ ಅಕ್ಕಿ. ಇಬ್ಬರ ಕಣ್ಣೂ ಗಟ್ಟಿಯಾಗಿ ಮುಚ್ಚಿವೆ, ಪುಟ್ಟತಾಯಿಯ ಬಾಯಿ ತುಂಬ ನಗು. ಹಿಂದೆ ಬೊಚ್ಚುಬಾಯಿ ತೆರೆದು ಕಾಳು ಎರಚುತ್ತಿರುವವಳು ನಿಂಗಮ್ಮನೇ.

"ಅಯ್ಯೋ, ನಾನೂ ಬಿದ್ದಿವ್ನಿ!" ಅಂದಳು ಅಜ್ಜಿ. ಇಡೀ ಬಸ್ಸಿಗೆ ತೋರಿಸಿದಳು. ಆಮೇಲೆ ಸೆರಗಲ್ಲಿ ಅದರ ಮೇಲಿನ ಇಲ್ಲದ ಧೂಳನ್ನು ಒರೆಸುತ್ತ ಕೂತಳು.

ಬಸ್ಸುಗಳು ಹೊರಟವು. ಕಿಟಕಿ ಕಿಟಕಿಯಲ್ಲೂ ಕೇಕೆ, ಕಿಟಕಿ ಕಿಟಕಿಯಲ್ಲೂ ಒಂದೊಂದು ಫೋಟೋದ ಮೇಲೆ ಬಾಗಿದ ನಾಲ್ಕಾರು ತಲೆ.

ಸಿದ್ದಮಾದುವಿನ ಮೀಸೆ ಮತ್ತೆ ಮೇಲೆದ್ದು ನಿಂತಿತು.

"ಗೆದ್ವಿ ಬುದ್ಧಿ! ನೂರೆಂಟಕ್ಕೆ ನೂರೆಂಟು! ಈಗ ಮಿಕ್ಕವು ಹದಿಮೂರು ಸಾವಿರದ ಎಂಟುನೂರಾ ತೊಂಬತ್ತೆರಡು ಇವೆ. ಅವನ್ನೇನು ಮಾಡ್ಲಿ?"

ಗುರುಗಳು ದೂರವಾಗುತ್ತಿದ್ದ ಬಸ್ಸುಗಳ ಕಡೆ ಕೈ ತೋರಿಸಿದರು.

"ಯಾರಾದರೂ ಹಿಂದಕ್ಕೆ ತಿರುಗಿ ನೋಡಿದರೆ, ಓಡಿಹೋಗಿ ಅವರಿಗೆ ಕೊಡು."