ಅರ್ಧ ನೇಯ್ದ ಗೂಡು

ಕಾಡಿನ ಕಾಮಗಾರಿ ಮಂತ್ರಿಯಾಗಿದ್ದ ಆನೆಗೆ ತಾನು ಕಟ್ಟಿಸಿದ ಮೂರು ಕಲ್ಲುತೊಟ್ಟಿಗಳ ಮೇಲೆ ಬಹಳ ಹೆಮ್ಮೆ. ಪ್ರತಿಯೊಂದಕ್ಕೂ ತಾನೇ ಸೊಂಡಿಲಿಳಿಸಿ, ನೀರು ಕುಡಿದು ನೋಡಿ, ಚೆನ್ನಾಗಿದೆ ಎಂದು ಒಪ್ಪಿಗೆ ಕೊಟ್ಟಿತ್ತು. ಮೊಲಗಳು ಮಾತ್ರ ಬಾಯಿಗೆಟುಕದ ತೊಟ್ಟಿಯ ಒದ್ದೆ ಗೋಡೆ ನೆಕ್ಕಿ, ಬಾಯಾರಿಕೊಂಡೇ ವಾಪಸಾಗುತ್ತಿದ್ದವು.

ನಾಲ್ಕನೆಯ ತೊಟ್ಟಿ ಕಟ್ಟಲು ನೆರವು ಕೊಡುವುದಾಗಿ ಹೇಳಿ, ಕೆಲಸದ ಮಾದರಿಯೊಂದಿಗೆ ಬರುವಂತೆ ಕಸುಬುದಾರರನ್ನು ಕರೆದಾಗ, ಗೀಜಗವೊಂದು ಅರ್ಧ ನೇಯ್ದ ಗೂಡನ್ನು ಕಚ್ಚಿಕೊಂಡು ಬಂತು.

"ಅರ್ಧಂಬರ್ಧ ಕೆಲಸಕ್ಕೆ ಸರ್ಕಾರದ ನೆರವಿಲ್ಲ. ಮುಗಿಸಿಕೊಂಡು ಬಾ," ಎಂದಿತು ಆನೆ.

"ಮುಗಿಸಿದ ಮೇಲೆ ಕೇಳಿ ಏನು ಪ್ರಯೋಜನ, ಮಂತ್ರಿಗಳೇ? ನಾವು ಗೂಡು ಅರ್ಧವಾದಾಗಲೇ ಹೆಣ್ಣಿಗೆ ತೋರಿಸುತ್ತೇವೆ. ಅವಳು ಬೇಡವೆಂದರೆ ಅಲ್ಲೇ ಬಿಟ್ಟು ಇನ್ನೊಂದು ನೇಯುತ್ತೇವೆ. ಹೋದರೆ ನಾಲ್ಕು ಎಳೆ ಹುಲ್ಲು. ನಿಮ್ಮ ತೊಟ್ಟಿಯನ್ನು ಮೊಲಕ್ಕೆ ತೋರಿಸಿದ್ದು ಯಾವಾಗ?"

ಆನೆಗೆ ಸಿಟ್ಟು ಬಂತು, ಆದರೂ ಮಾತು ನಾಟಿತು.

ಸಂಜೆಯೊಳಗೆ ಅದು ಹೊಸ ಕಾನೂನು ಬರೆಸಿತು: ಇನ್ನು ಮುಂದೆ ಅರ್ಧ ಮಾಡಿದ ಕೆಲಸಕ್ಕೂ ನೆರವುಂಟು, ಬಳಸುವವರು ನೋಡಿ ಒಪ್ಪಿದರೆ ಮಾತ್ರ ಉಳಿದರ್ಧಕ್ಕೆ. ಓಲೆಗೆ ಅರಗಿನ ಮುದ್ರೆ ಒತ್ತಿ, ಗೀಜಗದ ಮುಂದೆ ಹಿಡಿದು, "ಈಗ ಸಮಾಧಾನವೇ?" ಎಂದು ಕೇಳಿತು.

"ಕಾನೂನು ಚೆನ್ನಾಗಿದೆ. ಆದರೆ ಇದನ್ನೂ ನೀವು ಪೂರ್ತಿ ಮುಗಿಸಿಯೇ ತಂದಿರಲ್ಲ," ಎಂದಿತು ಗೀಜಗ.

ಆನೆ ಮುದ್ರೆಯನ್ನು ಕಿತ್ತುಹಾಕಿ, ಆ ಓಲೆ ಹಿಡಿದು ಮೊಲದ ಬಿಲದವರೆಗೆ ನಡೆದು ಹೋಗಿ, ಮಂತ್ರಿಯಾದ ಮೇಲೆ ಮೊದಲ ಬಾರಿಗೆ ಮೊಣಕಾಲೂರಿ ಕೂತಿತು.

"ಸ್ವಲ್ಪ ನೋಡಿ ಹೇಳಪ್ಪ," ಎಂದಿತು, "ಇದಿನ್ನೂ ಮುಗಿದಿಲ್ಲ."